ಪ್ರಿಸ್ಕ್ರಿಪ್ಷನ್ ಬರೆದದ್ದಕ್ಕೆ 10ಕ್ಕೆ 3 ಬಂತು, ಎಲ್ಲಿ ತಪ್ಪಿದೆ ಹೇಳಿ

ಸೆಕೆಂಡ್ ಇಯರ್ ಸಂಕಟ:

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಎರಡನೇ ವರ್ಷ, ಸರ್ಕಾರಿ ಕಾಲೇಜು. ಹತ್ತನೇ ಕ್ಲಾಸ್‌ವರೆಗೆ ಓದಿದ್ದು ಕನ್ನಡ ಮೀಡಿಯಂ. ಮೊನ್ನೆ ಫಾರ್ಮಕಾಲಜಿ ಪ್ರಾಕ್ಟಿಕಲ್ ಇಂಟರ್ನಲ್ಸ್ ಇತ್ತು. ಕೊಟ್ಟ ಕೇಸ್ ತೀರಾ ಸುಲಭದ್ದು. ಮೂರು ವರ್ಷದ ಮಗು, 12 ಕೆಜಿ, ನಿನ್ನೆಯಿಂದ ಜ್ವರ, ಬೇರೇನೂ ತೊಂದರೆ ಇಲ್ಲ, ಪ್ರಿಸ್ಕ್ರಿಪ್ಷನ್ ಬರೆಯಿರಿ. ನಾನು ಎರಡೇ ನಿಮಿಷದಲ್ಲಿ "ಸಿರಪ್ ಪ್ಯಾರಾಸಿಟಮಾಲ್ 5 ಎಂಎಲ್ ಟಿಡಿಎಸ್", ಅಂದರೆ ದಿನಕ್ಕೆ ಮೂರು ಸಲ, ಅಂತ ಬರೆದು, ಕೆಳಗೆ ಸೈನ್ ಹಾಕಿ ಕೊಟ್ಟೆ.

ಪೇಪರ್ ವಾಪಸ್ ಬಂದಾಗ ನನ್ನ ಅಕ್ಷರಕ್ಕಿಂತ ಸರ್ ಅವರ ಕೆಂಪು ಇಂಕೇ ಜಾಸ್ತಿ ಇತ್ತು. 5 ಎಂಎಲ್ ಸುತ್ತ ಮೂರು ಸುತ್ತು ಗೆರೆ, ಪಕ್ಕದಲ್ಲಿ "ಯಾವ ಬಾಟಲ್?" ಅಂತ ಪ್ರಶ್ನೆ. ಮಾರ್ಕ್ಸ್ 3. ನನ್ನ ಪಕ್ಕ ಕೂತವಳಿಗೆ 8 ಬಂದಿದೆ, ಅವಳೂ ಪ್ಯಾರಾಸಿಟಮಾಲ್ ಅಂತಲೇ ಬರೆದದ್ದು!

ಸೂಪರ್‌ಸ್ಕ್ರಿಪ್ಷನ್ (ಆರ್‌ಎಕ್ಸ್ ಗುರುತು), ಇನ್‌ಸ್ಕ್ರಿಪ್ಷನ್ (ಔಷಧಿ, ಪ್ರಮಾಣ), ಸಬ್‌ಸ್ಕ್ರಿಪ್ಷನ್ (ಫಾರ್ಮಸಿಸ್ಟ್‌ಗೆ ಸೂಚನೆ), ಸಿಗ್ನೇಚುರಾ (ರೋಗಿಗೆ ಸೂಚನೆ) ಅಂತ ನಾಲ್ಕು ಭಾಗ ಬಾಯಿಪಾಠ ಬರುತ್ತದೆ. ಬರೆಯಲು ಕೂತರೆ ಮಾತ್ರ ಏನು ಬಿಟ್ಟೆ ಅಂತ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಒಂದು ಮಾತ್ರೆ ದಿನಕ್ಕೆ ಒಂದೇ ಸಲ, ಇನ್ನೊಂದು ಮೂರು ಸಲ ಯಾಕೆ? ಹಾಫ್ ಲೈಫ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಂದೊಂದು ಔಷಧಿಗೆ ಅದು ಹೊಂದುವುದೇ ಇಲ್ಲ. ಪಾಠದ ಥರ ಬೇಡ, ದಿನಾ ಈ ಕೆಲಸ ಮಾಡುವವರು ಹೇಳಿದರೆ ತಲೆಗೆ ಹೋಗುತ್ತದೆ. ಆಮೇಲೆ, ಚೀಟಿಯನ್ನು ಕನ್ನಡದಲ್ಲಿ ಬರೆದರೆ ತಪ್ಪಾ?

ಕೌಂಟರ್ ಅಣ್ಣ:

ತಂಗಿ, ನಾನು ಡಿ ಫಾರ್ಮ ಮಾಡಿ 14 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟಿದ್ದೇನೆ, ದಾವಣಗೆರೆ ಕಡೆ. ನಿಮ್ಮ ಸರ್ ಕೇಳಿದ "ಯಾವ ಬಾಟಲ್" ಪ್ರಶ್ನೆಯನ್ನು ನಾನು ದಿನಕ್ಕೆ ನಾಲ್ಕು ಸಲ ಕೇಳಿಕೊಳ್ಳುತ್ತೇನೆ. ನನ್ನ ಹಿಂದಿನ ಶೆಲ್ಫ್‌ನಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಮೂರು ಥರ ಇದೆ. ಒಂದರಲ್ಲಿ 5 ಎಂಎಲ್‌ಗೆ 120 ಮಿ.ಗ್ರಾಂ. ಇನ್ನೊಂದರಲ್ಲಿ 5 ಎಂಎಲ್‌ಗೆ 250. ಮೂರನೆಯದು ಕೂಸುಗಳಿಗೆ ಕೊಡುವ ಡ್ರಾಪ್ಸ್, ಅದು ಬಾಟಲಿಯಲ್ಲಿ ಚಿಕ್ಕದು, ಶಕ್ತಿಯಲ್ಲಿ ದೊಡ್ಡದು, ಒಂದೇ ಎಂಎಲ್‌ಗೆ 100 ಮಿ.ಗ್ರಾಂ.

ಈಗ ನಿನ್ನ ಚೀಟಿ ಹಿಡಿದು ಮಗುವಿನ ಅಪ್ಪ ಬಂದ ಅಂದುಕೋ. ಮೊದಲನೇ ಬಾಟಲಿ ಕೊಟ್ಟರೆ ಮಗುವಿಗೆ ಹೋಗುವುದು 120 ಮಿ.ಗ್ರಾಂ, ಸ್ವಲ್ಪ ಕಡಿಮೆಯೇ. ಎರಡನೆಯದು ಕೊಟ್ಟರೆ 250, ಜಾಸ್ತಿ ಆಯಿತು. ಮನೆಯಲ್ಲಿ ತಮ್ಮನಿಗೆ ತಂದ ಡ್ರಾಪ್ಸ್ ಇದೆ ಅಂತ ಅದರಿಂದಲೇ 5 ಎಂಎಲ್ ಅಳೆದು ಕುಡಿಸಿದರೆ 500 ಮಿ.ಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆ. ನೀನು ಬರೆದದ್ದು ಒಂದೇ ಸಾಲು, ಮಗುವಿನ ಹೊಟ್ಟೆಗೆ ಹೋಗುವುದರಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಪಕ್ಕದವಳು 5 ಎಂಎಲ್‌ಗೆ ಎಷ್ಟು ಮಿ.ಗ್ರಾಂ ಅಂತ ಬರೆದಿರುತ್ತಾಳೆ, ಅದಕ್ಕೇ 8.

ಲೆಕ್ಕ ಹೀಗೆ ಮಾಡು. ಕೆಜಿಗೆ 15 ಮಿ.ಗ್ರಾಂ ಅಂದರೆ 12 ಕೆಜಿಗೆ 180. 250ರ ಬಾಟಲಿಯಲ್ಲಿ ಅದು 3.6 ಎಂಎಲ್ ಆಗುತ್ತದೆ, ಅದನ್ನು ಯಾವ ತಾಯಿ ಮುಚ್ಚಳದಲ್ಲಿ ಅಳೆಯುತ್ತಾಳೆ ಹೇಳು? 120ರ ಬಾಟಲಿಯಲ್ಲಿ ಸರಿಯಾಗಿ 7.5 ಎಂಎಲ್. ಅಳತೆ ಮುಚ್ಚಳದಲ್ಲಿ 5ರ ಗೆರೆ ಒಂದು ಸಲ, 2.5ರ ಗೆರೆ ಒಂದು ಸಲ, ಮುಗಿಯಿತು. ಚಮಚ ಅಂತ ಮಾತ್ರ ಬರೆಯಬೇಡ. ಒಬ್ಬೊಬ್ಬರ ಮನೆಯ ಚಮಚ ಒಂದೊಂದು ಅಳತೆ.

ಇನ್ನು ಏನು ಬಿಟ್ಟೆ ಅಂತ ಕೇಳಿದೆಯಲ್ಲ, ನಿನ್ನ ನಾಲ್ಕು ಲ್ಯಾಟಿನ್ ಹೆಸರು ನನಗೆ ಬೇಡ. ಡ್ರಗ್ಸ್ ನಿಯಮ (ಮೊದಲು ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮ ಅನ್ನುತ್ತಿದ್ದರು), 1945ರದ್ದು, ಅದರ 65ನೇ ನಿಯಮದಲ್ಲೇ ಇದೆ. ಚೀಟಿ ಬರವಣಿಗೆಯಲ್ಲಿರಬೇಕು, ಡಾಕ್ಟರ್ ಸಹಿ, ತಾರೀಕು, ರೋಗಿಯ ಹೆಸರು ವಿಳಾಸ, ಒಟ್ಟು ಎಷ್ಟು ಔಷಧಿ ಕೊಡಬೇಕು, ಒಂದು ಸಲಕ್ಕೆ ಎಷ್ಟು. ನಿಮ್ಮ ಸರ್ ಮಾರ್ಕ್ಸ್ ಕತ್ತರಿಸಿದ ಜಾಗವೆಲ್ಲ ಇದರಲ್ಲೇ ಬರುತ್ತದೆ. ಶೆಡ್ಯೂಲ್ ಎಚ್1, ಅಂದರೆ ಹೆಚ್ಚು ನಿಗಾ ಬೇಕಾದ ಔಷಧಿಗಳ ಪಟ್ಟಿ, ಅದು 2014ರ ಮಾರ್ಚ್ 1ರಿಂದ ಜಾರಿ, ಅದರಲ್ಲಿರುವ ಔಷಧಿ ಆದರೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅಂತ ನಾನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಇನ್ನೂ ಬಿಗಿಯಾದ ಪಟ್ಟಿ ಶೆಡ್ಯೂಲ್ ಎಕ್ಸ್ ಆದರೆ ಚೀಟಿಯೇ ಎರಡು ಪ್ರತಿ ಬೇಕು, ಒಂದು ನನ್ನ ಹತ್ತಿರ ಎರಡು ವರ್ಷ. ಡಾಕ್ಟರ್ ಹೆಸರೇ ಓದಲು ಬಾರದಿದ್ದರೆ ನಾನು ಪುಸ್ತಕದಲ್ಲಿ ಏನು ಬರೆಯಲಿ, ಕೋಳಿ ಕಾಲು ಚಿತ್ರವಾ?

ಒಂದು ಘಟನೆ ಹೇಳಿ ಮುಗಿಸುತ್ತೇನೆ. ಕೀಲುನೋವಿನ ಅಜ್ಜಿ ಒಬ್ಬರು, ಮೆಥೊಟ್ರೆಕ್ಸೇಟ್ ಚೀಟಿ. 2.5 ಮಿ.ಗ್ರಾಂ ಮಾತ್ರೆ ಮೂರು, ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕಾದದ್ದು. ಚೀಟಿಯಲ್ಲಿ ವಾರಕ್ಕೆ ಅನ್ನುವ ಪದ ಮಡಿಕೆಯಲ್ಲಿ ಉಜ್ಜಿ ಹೋಗಿತ್ತು. ಅಜ್ಜಿ ಅಂದದ್ದು, "ಬಿಪಿ ಮಾತ್ರೆ ಜೊತೆ ದಿನಾ ನುಂಗ್ತೀನಿ ಬಿಡಪ್ಪ." ನನಗೆ ಬೆವರು ಬಂತು. ಈ ಮಾತ್ರೆ ದಿನಾ ಹೋದರೆ ಬಾಯೆಲ್ಲ ಹುಣ್ಣಾಗುತ್ತದೆ, ಬಿಳಿ ರಕ್ತಕಣ ಬೀಳುತ್ತದೆ, ಜೀವಕ್ಕೇ ಕುತ್ತು. ಡಾಕ್ಟರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡು, ಮಾತ್ರೆ ಪೊಟ್ಟಣದ ಮೇಲೆ ದಪ್ಪ ಮಾರ್ಕರ್‌ನಲ್ಲಿ "ಭಾನುವಾರ ಮಾತ್ರ" ಅಂತ ಬರೆದು ಕೊಟ್ಟೆ. ಅದೃಷ್ಟಕ್ಕೆ ಅದು ಮೊದಲನೇ ದಿನವೇ. ವಾರದ ಔಷಧಿ ಅಂದರೆ ವಾರದ ಹೆಸರನ್ನೇ ಬರೆ.

ಘಟ್ಟದ ಕೆಳಗಿನ ಡಾಕ್ಟರ್:

ಕೌಂಟರ್ ಅಣ್ಣ ಬಾಟಲಿ ವಿಷಯ ಮುಗಿಸಿದ್ದಾರೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯೆ, ಹಾಫ್ ಲೈಫ್ ಪ್ರಶ್ನೆಗೆ ಬರುತ್ತೇನೆ.

ಮನೆ ಹಿತ್ತಲಿನ ನೀರಿನ ತೊಟ್ಟಿ ನೆನೆಸಿಕೋ. ತಳದಲ್ಲಿ ಸಣ್ಣ ತೂತು ಇದೆ. ನೀರು ಜಾಸ್ತಿ ಇದ್ದಾಗ ಜೋರಾಗಿ ಸೋರುತ್ತದೆ, ಕಡಿಮೆ ಆದಾಗ ನಿಧಾನ. ಇದ್ದದ್ದರಲ್ಲಿ ಅರ್ಧ ಸೋರಲು ಹಿಡಿಯುವ ಹೊತ್ತೇ ಹಾಫ್ ಲೈಫ್. ನೀನು ದಿನಾ ಒಂದೇ ಲೆಕ್ಕದಲ್ಲಿ ಕೊಡಪಾನ ಸುರಿಯುತ್ತಾ ಹೋದರೆ ಮೊದಮೊದಲು ಮಟ್ಟ ಏರುತ್ತದೆ, ಆಮೇಲೆ ಸುರಿದಷ್ಟೇ ಸೋರುತ್ತದೆ. ಆ ನಿಂತ ಮಟ್ಟಕ್ಕೆ ಬರಲು ನಾಲ್ಕೈದು ಹಾಫ್ ಲೈಫ್ ಬೇಕು. ಅಮ್ಲೋಡಿಪಿನ್ ಹಾಫ್ ಲೈಫ್ 30ರಿಂದ 50 ಗಂಟೆ. ಅದಕ್ಕೇ ದಿನಕ್ಕೆ ಒಂದೇ ಮಾತ್ರೆ ಸಾಕು, ಮಟ್ಟ ನಿಲ್ಲಲು ಮಾತ್ರ ಒಂದು ವಾರದ ಮೇಲೆ ಬೇಕು. ಸೋಮವಾರ ಶುರು ಮಾಡಿ ಬುಧವಾರ ಬಿಪಿ ಇಳಿದಿಲ್ಲ ಅಂತ ಡೋಸ್ ಏರಿಸುವ ಇಂಟರ್ನ್‌ಗಳಿಗೆ ನಾನು ಈ ತೊಟ್ಟಿ ಕಥೆಯನ್ನೇ ಹೇಳುವುದು.

ತೊಟ್ಟಿ ದೊಡ್ಡದು, ಕಾಯುವಷ್ಟು ಸಮಯ ಇಲ್ಲ ಅಂದರೆ? ಮೊದಲೇ ಒಂದು ಟ್ಯಾಂಕರ್ ಸುರಿ. ಅದು ಲೋಡಿಂಗ್ ಡೋಸ್. ನಾನು ಮಂಗಳೂರಿನಲ್ಲಿ ಇಂಟರ್ನ್ ಆಗಿದ್ದಾಗ ಮಲೇರಿಯಾ ವಾರ್ಡ್ ಮಳೆಗಾಲದಲ್ಲಿ ತುಂಬಿರುತ್ತಿತ್ತು. ವೈವ್ಯಾಕ್ಸ್ ಅನ್ನುವ ಥರದ ಮಲೇರಿಯಾಕ್ಕೆ ದೊಡ್ಡವರಿಗೆ ಕ್ಲೋರೋಕ್ವಿನ್ ಮಾತ್ರೆ ಮೊದಲ ದಿನ 4, ಎರಡನೇ ದಿನ 4, ಮೂರನೇ ದಿನ 2. ಯಾಕೆ ಹೀಗೆ ಅಂತ ಆಗ ಗೊತ್ತಿಲ್ಲದೆ ಸುಮ್ನೆ ಬರೆಯುತ್ತಿದ್ದೆ. ಈ ಔಷಧಿ ಅಂಗಾಂಶಗಳ ಒಳಗೆ ಹೋಗಿ ಕೂತುಬಿಡುತ್ತದೆ, ರಕ್ತದಲ್ಲಿ ಸಾಕಷ್ಟು ಉಳಿಯಬೇಕು ಅಂದರೆ ಮೊದಲೇ ಜಾಸ್ತಿ ಸುರಿಯಬೇಕು.

ಈಗ ನಿನ್ನ "ಹೊಂದುವುದೇ ಇಲ್ಲ" ಅನ್ನುವ ತಕರಾರು. ಅದು ಒಳ್ಳೆಯ ತಕರಾರು, ಬಿಡಬೇಡ. ಪ್ಯಾಂಟೊಪ್ರಜೋಲ್ ಹಾಫ್ ಲೈಫ್ ಸುಮಾರು ಒಂದು ಗಂಟೆ. ಹಾಗಾದರೆ ದಿನಕ್ಕೆ ಹತ್ತು ಸಲ ನುಂಗಬೇಕಿತ್ತಲ್ವಾ? ಒಂದೇ ಸಲ ಸಾಕು. ಯಾಕೆಂದರೆ ಅದು ಹೊಟ್ಟೆಯ ಆಸಿಡ್ ಪಂಪನ್ನು ಹಿಡಿದು ಬೀಗ ಹಾಕಿ ಹೋಗುತ್ತದೆ. ಔಷಧಿ ರಕ್ತದಿಂದ ಹೋದರೂ ಬೀಗ ಹಾಗೇ ಇರುತ್ತದೆ, ದೇಹ ಹೊಸ ಪಂಪ್ ಮಾಡಿಕೊಳ್ಳಬೇಕು. ಪಂಪ್ ಓಡುತ್ತಿರುವಾಗ ಮಾತ್ರ ಬೀಗ ಬೀಳುತ್ತದೆ, ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು ಕೊಡುವುದು. ಜೆಂಟಾಮೈಸಿನ್ ಹಾಫ್ ಲೈಫೂ ಎರಡು ಮೂರು ಗಂಟೆ, ಆದರೂ ದಿನಕ್ಕೆ ಒಂದು ಇಂಜೆಕ್ಷನ್ ಕೊಡುವ ಪದ್ಧತಿ ಇದೆ. ಅದು ಒಮ್ಮೆ ಎತ್ತರಕ್ಕೆ ಏರಿ ಬ್ಯಾಕ್ಟೀರಿಯಾವನ್ನು ಹೊಡೆದು ಇಳಿಯುತ್ತದೆ, ಹೊಡೆತ ತಿಂದವು ಬೇಗ ಏಳುವುದಿಲ್ಲ, ಕಿಡ್ನಿಗೂ ಬಿಡುವು ಸಿಗುತ್ತದೆ. ಅಮಾಕ್ಸಿಸಿಲಿನ್ ಹಾಗಲ್ಲ. ಅದು ಬ್ಯಾಕ್ಟೀರಿಯಾ ಎದುರು ಹೊತ್ತುಹೊತ್ತಿಗೂ ನಿಂತಿರಬೇಕು, ಅದಕ್ಕೇ ಎಂಟು ಗಂಟೆಗೊಮ್ಮೆ. ಹಾಫ್ ಲೈಫ್ ಹೇಳುವುದು ಔಷಧಿ ಎಷ್ಟು ಹೊತ್ತು ರಕ್ತದಲ್ಲಿರುತ್ತದೆ ಅಂತ. ಅದರ ಕೆಲಸ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ಬೇರೆಯದೇ ಪ್ರಶ್ನೆ. ವೈವಾದಲ್ಲಿ ಇದನ್ನು ಹೇಳಿ ನೋಡು, ಎಕ್ಸಾಮಿನರ್ ಕನ್ನಡಕ ತೆಗೆದು ನೋಡುತ್ತಾರೆ.

ಲಿವರ್ ವಿಷಯವೂ ಹಾಗೇ. ನುಂಗಿದ್ದೆಲ್ಲ ಮೊದಲು ಲಿವರ್ ಎಂಬ ಟೋಲ್ ಗೇಟ್ ದಾಟಬೇಕು. ಬಿಪಿಗೆ ಕೊಡುವ ಪ್ರೊಪ್ರನಲಾಲ್ ನುಂಗುವ ಮಾತ್ರೆ 40 ಮಿ.ಗ್ರಾಂ, ಅದನ್ನೇ ನೇರ ರಕ್ತನಾಳಕ್ಕೆ ಕೊಟ್ಟರೆ 1 ಮಿ.ಗ್ರಾಂ ಲೆಕ್ಕ. ಉಳಿದದ್ದರಲ್ಲಿ ಬಹುಪಾಲು ಟೋಲ್‌ನಲ್ಲೇ ಹೋಯಿತು. ಎದೆನೋವಿಗೆ ಗ್ಲಿಸರಿಲ್ ಟ್ರೈನೈಟ್ರೇಟನ್ನು ನಾಲಿಗೆ ಕೆಳಗೆ ಇಡುವುದು ಈ ಗೇಟ್ ತಪ್ಪಿಸಲೆಂದೇ. ರೋಗಿ ಅದನ್ನು ನೀರು ಕುಡಿದು ನುಂಗಿದರೆ ಮುಗಿಯಿತು ಕಥೆ, ಆದ್ದರಿಂದ "ನಾಲಿಗೆ ಕೆಳಗೆ" ಅಂತ ಚೀಟಿಯಲ್ಲಿ ಬರೆಯಲೇಬೇಕು.

ನನ್ನದೇ ತಪ್ಪು ಒಂದು ಹೇಳುತ್ತೇನೆ. ಥೈರಾಯ್ಡ್ ಮಾತ್ರೆ, "ಬೆಳಿಗ್ಗೆ ಖಾಲಿ ಹೊಟ್ಟೆಗೆ" ಅಂತ ನೀಟಾಗಿ ಬರೆದಿದ್ದೆ. ಮೂರು ತಿಂಗಳಾದರೂ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆ ಇದ್ದಾಗ ರಕ್ತಪರೀಕ್ಷೆಯಲ್ಲಿ ಏರಿ ಕಾಣುವ ಅಂಕೆ) ಇಳಿಯಲಿಲ್ಲ. ಡೋಸ್ ಏರಿಸಿದೆ. ಮತ್ತೆ ಇಳಿಯಲಿಲ್ಲ. ಇನ್ನೊಮ್ಮೆ ಏರಿಸುವ ಮೊದಲು ಹೇಗೆ ತಗೊಳ್ತೀರಿ ಅಂತ ಕೇಳಿದೆ. "ಖಾಲಿ ಹೊಟ್ಟೆಗೇ ಮೇಡಂ, ಎದ್ದ ಕೂಡಲೇ ಕಾಫಿ ಜೊತೆ." ಕಾಫಿ ಕುಡಿದರೆ ಖಾಲಿ ಹೊಟ್ಟೆ ಅಲ್ಲವಲ್ಲ ಅಂದೆ. "ಕಾಫಿ ಏನು ಊಟವಾ ಮೇಡಂ?" ಅವರು ಹೇಳಿದ್ದು ನಮ್ಮ ಕಡೆಯ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಕಾಫಿ ಆ ಮಾತ್ರೆಯನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಈಗ ನಾನು ಬರೆಯುವುದು ಹೀಗೆ: ಎದ್ದ ಕೂಡಲೇ, ಬರೀ ನೀರಿನ ಜೊತೆ, ಕಾಫಿ ಟೀ ತಿಂಡಿ ಒಂದು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದ್ದರೆ ನಾಲ್ಕು ಗಂಟೆ ಅಂತರ. ಆಮೇಲೆ ಆಕೆಯ ಡೋಸ್ ಹಳೆಯದಕ್ಕೇ ಇಳಿಸಿದೆ, ಟಿಎಸ್‌ಎಚ್ ಸರಿಹೋಯಿತು.

ನೈಟ್ ಡ್ಯೂಟಿ ಸಿಸ್ಟರ್:

ಇಲ್ಲಿ ಡಾಕ್ಟರು, ಫಾರ್ಮಸಿಸ್ಟ್ ಇಬ್ಬರೇ ಮಾತಾಡುತ್ತಿದ್ದೀರಿ, ಚೀಟಿಯಲ್ಲಿ ಇದ್ದದ್ದನ್ನು ಕೈಯಾರೆ ಕೊಡುವವರು ನಾವು. ನನ್ನದು ಎರಡೇ ಮಾತು, ಆದರೆ ಉದ್ದ.

ಮೊದಲನೆಯದು ಇನ್ಸುಲಿನ್. ಯೂನಿಟ್ ಅನ್ನುವುದನ್ನು ಪೂರ್ತಿ ಬರೆಯಮ್ಮ. ಇಂಗ್ಲಿಷ್‌ನ ಯು ಅಕ್ಷರ ಅವಸರದಲ್ಲಿ ಬಾಯಿ ಮುಚ್ಚಿಕೊಂಡರೆ ಸೊನ್ನೆ ಆಗುತ್ತದೆ, 10 ಇದ್ದದ್ದು 100. ಹಾಗೆಯೇ 1 ಮಿ.ಗ್ರಾಂ ಅಂದರೆ 1 ಅಂತ ಬರೆ, 1.0 ಬೇಡ, ಚುಕ್ಕೆ ಮಾಸಿದರೆ 10. ಅರ್ಧಕ್ಕೆ 0.5 ಬರೆ, ಬರೀ ಚುಕ್ಕೆ 5 ಬೇಡ.

ಸಿರಿಂಜ್ ಕೂಡ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿ ಎಂಎಲ್‌ಗೆ 40 ಯೂನಿಟ್, ಅದರ ಸಿರಿಂಜ್‌ಗೆ ಕೆಂಪು ಮುಚ್ಚಳ. ಎಂಎಲ್‌ಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳ. ನಮ್ಮ ವಾರ್ಡಿಗೆ ಒಬ್ಬರು ತಾತ ಬಂದಿದ್ದರು. ಅಮೆರಿಕದಿಂದ ಮೊಮ್ಮಗ ತಂದುಕೊಟ್ಟ ಇನ್ಸುಲಿನ್ ಬಾಟಲಿ ಚೀಲದಲ್ಲಿ, ಇಲ್ಲಿ ಕೊಂಡ ಕೆಂಪು ಮುಚ್ಚಳದ ಸಿರಿಂಜ್ ಜೇಬಿನಲ್ಲಿ. ಚೀಟಿಯಲ್ಲಿ 20 ಯೂನಿಟ್. ತಾತ 20ರ ಗೆರೆವರೆಗೆ ಎಳೆದು ತೋರಿಸಿದರು, ಕೈ ಸ್ವಲ್ಪವೂ ನಡುಗಲಿಲ್ಲ, ಅಷ್ಟು ಅಚ್ಚುಕಟ್ಟು. ನಾನು ಬಾಟಲಿ ತಿರುಗಿಸಿ ನೋಡಿದೆ, 100 ಅಂತ ಇದೆ. ಕೆಂಪು ಸಿರಿಂಜ್‌ನ 20ರ ಗೆರೆ ಅಂದರೆ ಅರ್ಧ ಎಂಎಲ್. ಆ ಬಾಟಲಿಯಿಂದ ಅರ್ಧ ಎಂಎಲ್ ಅಂದರೆ 50 ಯೂನಿಟ್. ತಾತ ಮಾಡಿದ್ದು ಸರಿ, ಚೀಟಿ ಬರೆದದ್ದೂ ಸರಿ, ಆದರೂ ಚುಚ್ಚಿಕೊಂಡಿದ್ದರೆ ಶುಗರ್ ಪಾತಾಳಕ್ಕೆ ಹೋಗುತ್ತಿತ್ತು. ಚೀಟಿಯಲ್ಲಿ ಎಂಎಲ್‌ಗೆ ಎಷ್ಟು ಯೂನಿಟ್ ಬಾಟಲಿ, ಯಾವ ಸಿರಿಂಜ್ ಅಂತ ಇದ್ದರೆ ತಾತನಿಗೇ ಅನುಮಾನ ಬರುತ್ತಿತ್ತು.

ಎರಡನೆಯದು ಎಸ್‌ಒಎಸ್. "ಬೇಕಾದಾಗ" ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಏನಾದರೆ ಬೇಕು? ಎಷ್ಟು ಗಂಟೆ ಬಿಟ್ಟು? ದಿನಕ್ಕೆ ಎಷ್ಟು ಸಲದ ಮೇಲೆ ಬೇಡ? ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಳ್ಳುವವರು ನಾವು.

ಸೆಕೆಂಡ್ ಇಯರ್ ಸಂಕಟ:

ಅಣ್ಣ, ಮೇಡಂ, ಸಿಸ್ಟರ್, ಎಲ್ಲರಿಗೂ ಥ್ಯಾಂಕ್ಸ್. ತೊಟ್ಟಿ ಕಥೆಯನ್ನು ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಕನ್ನಡದ ಪ್ರಶ್ನೆ ಹಾಗೇ ಉಳಿಯಿತು.

ಕೌಂಟರ್ ಅಣ್ಣ:

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದವರು ಸರ್ಕಾರಿ ಡಾಕ್ಟರುಗಳು ಕನ್ನಡದಲ್ಲಿ ಚೀಟಿ ಬರೆಯಲಿ ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ನಮ್ಮ ಅಂಗಡಿ ಮುಂದೆಯೂ ದೊಡ್ಡ ಚರ್ಚೆ ಆಯಿತು. ನನ್ನ ಅಭಿಪ್ರಾಯ, ಔಷಧಿ ಹೆಸರು ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲಿರಲಿ. ಬಾಟಲಿ ಮೇಲೆ ದೊಡ್ಡದಾಗಿ ಇರುವುದು ಅದೇ, ನಾನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತೇನೆ. ಹೈಡ್ರಾಕ್ಸಿಜಿನ್, ಹೈಡ್ರಾಲಜಿನ್, ಒಂದು ತುರಿಕೆಗೆ, ಒಂದು ಬಿಪಿಗೆ. ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದರೆ ನಾನು ಎಲ್ಲಿಗೆ ಹೋಗಲಿ?

ಘಟ್ಟದ ಕೆಳಗಿನ ಡಾಕ್ಟರ್:

ಕನ್ನಡದಲ್ಲಿ ಹೆಸರು ಬರೆದರೆ ರೋಗಿಗೂ ತಾನು ಏನು ನುಂಗುತ್ತಿದ್ದೇನೆ ಅಂತ ಗೊತ್ತಾಗುತ್ತದೆ ಅಣ್ಣ, ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ಆದರೆ ಗೊಂದಲದ ಮಾತು ಒಪ್ಪುತ್ತೇನೆ. ನಾನು ಎರಡೂ ಮಾಡುತ್ತೇನೆ. ಹೆಸರು ಜೆನೆರಿಕ್‌ನಲ್ಲಿ, ಇಂಗ್ಲಿಷ್ ದೊಡ್ಡಕ್ಷರ. ಜೆನೆರಿಕ್ ಹೆಸರು, ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಅಂತ 2016ರಲ್ಲೇ ಮೆಡಿಕಲ್ ಕೌನ್ಸಿಲ್ ನಿಯಮ ತಿದ್ದಿದೆ. ಅದರ ಕೆಳಗೆ ಹೇಗೆ ತೆಗೆದುಕೊಳ್ಳಬೇಕು ಅನ್ನುವುದೆಲ್ಲ ಕನ್ನಡ. ಬಿ.ಡಿ. (ದಿನಕ್ಕೆ ಎರಡು ಸಲ), ಟಿಡಿಎಸ್, ಎಚ್‌ಎಸ್ (ಮಲಗುವಾಗ) ಇವೆಲ್ಲ ನಮ್ಮ ಒಳಮನೆಯ ಭಾಷೆ, ರೋಗಿಗೆ ಸಂಬಂಧವೇ ಇಲ್ಲ. ಕಣ್ಣಿನ ವಿಭಾಗಕ್ಕೆ ಹೋದರೆ ಇಂಗ್ಲಿಷ್‌ನ ಓ.ಡಿ. ಅಂದರೆ ಬಲಗಣ್ಣು, ನಮ್ಮಲ್ಲಿ ದಿನಕ್ಕೆ ಒಂದು ಸಲ!

ಸೆಕೆಂಡ್ ಇಯರ್ ಸಂಕಟ:

ಸರಿ, ಮತ್ತೆ ಬರೆದಿದ್ದೇನೆ, ಎಲ್ಲರೂ ತಪ್ಪು ಹುಡುಕಿ.

ಹೆಸರು, ವಿಳಾಸ ಹಾಕಿದೆ. ಹೆಣ್ಣು ಮಗು, ವಯಸ್ಸು 3 ವರ್ಷ, ತೂಕ 12 ಕೆಜಿ. ಒಂದು ದಿನದಿಂದ ಜ್ವರ.
ಆರ್‌ಎಕ್ಸ್
ಪ್ಯಾರಾಸಿಟಮಾಲ್ ಸಿರಪ್, 5 ಎಂಎಲ್‌ಗೆ 120 ಮಿ.ಗ್ರಾಂ, 60 ಎಂಎಲ್ ಬಾಟಲಿ ಒಂದು.
ಜ್ವರ ಇದ್ದರೆ ಮಾತ್ರ 7.5 ಎಂಎಲ್ (180 ಮಿ.ಗ್ರಾಂ) ಬಾಯಿಯ ಮೂಲಕ. ಅಳತೆ ಮುಚ್ಚಳದಲ್ಲಿ 5 ಒಂದು ಸಲ, 2.5 ಒಂದು ಸಲ. ಒಮ್ಮೆ ಕೊಟ್ಟ ಮೇಲೆ ಆರು ಗಂಟೆ ಬಿಟ್ಟು ಮತ್ತೆ ಕೊಡಬಹುದು. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಮನೆಯಲ್ಲಿರುವ ಬೇರೆ ಜ್ವರದ ಔಷಧಿ ಜೊತೆಗೆ ಕೊಡಬೇಡಿ. ನೀರು, ಗಂಜಿ ಕುಡಿಸುತ್ತಿರಿ. ಎರಡು ದಿನದಲ್ಲಿ ಇಳಿಯದಿದ್ದರೆ ಮತ್ತೆ ಕರೆತನ್ನಿ. ಫಿಟ್ಸ್ ಬಂದರೆ, ಏನೂ ಕುಡಿಯದಿದ್ದರೆ, ಮಂಕಾಗಿ ಮಲಗಿದರೆ ಕೂಡಲೇ ಬನ್ನಿ.
ಸಹಿ. ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ನಂಬರ್ ಇನ್ನೂ ಇಲ್ಲ, ಜಾಗ ಬಿಟ್ಟಿದ್ದೇನೆ.

ಲೆಕ್ಕವನ್ನೂ ನೋಡಿದೆ, ನಾಲ್ಕು ಸಲ ಕೊಟ್ಟರೂ ದಿನಕ್ಕೆ ಕೆಜಿಗೆ 60 ಮಿ.ಗ್ರಾಂ ದಾಟುವುದಿಲ್ಲ. ನಾಲ್ಕು ಸಲದಂತೆ ಕೊಟ್ಟರೆ ದಿನಕ್ಕೆ 30 ಎಂಎಲ್, ಬಾಟಲಿ ಸರಿಯಾಗಿ ಎರಡು ದಿನ ಬರುತ್ತದೆ.

ನೈಟ್ ಡ್ಯೂಟಿ ಸಿಸ್ಟರ್:

ಎಸ್‌ಒಎಸ್ ಅಂತ ಬರೆಯದೆ ಬಿಡಿಸಿ ಹೇಳಿದ್ದೀಯ. ಈ ಚೀಟಿ ಇದ್ದರೆ ನನಗೆ ರಾತ್ರಿ ಫೋನ್ ಮಾಡುವ ಕೆಲಸ ಇಲ್ಲ.

ಘಟ್ಟದ ಕೆಳಗಿನ ಡಾಕ್ಟರ್:

ಬಾಟಲಿ ಮುಗಿಯುವ ದಿನ, ಮತ್ತೆ ಬರಬೇಕಾದ ದಿನ ಎರಡೂ ಒಂದೇ ಆದದ್ದು ಜಾಣತನ. ನಾನಾದರೆ 9 ಕೊಡುತ್ತೇನೆ.

ಕೌಂಟರ್ ಅಣ್ಣ:

ತಂಗಿ, ಎಲ್ಲ ಚೆನ್ನಾಗಿದೆ. ತಾರೀಕು ಎಲ್ಲಿ?